ಆಟೋ ಲೆವೆಲಿಂಗ್ ಹಾಕಿಸುವ ಮುನ್ನ ಫ್ರಿಜ್ ನೋಡಿ
ಆಟೋ ಲೆವೆಲಿಂಗ್ ಅಂದರೆ ನಿಲ್ಲಿಸಿದ ಮೋಟರ್‌ಹೋಮ್ (ವಾಸಕ್ಕೆ ಸಜ್ಜಾದ ಗಾಡಿ) ಅನ್ನು ಜ್ಯಾಕ್‌ಗಳಿಂದ ತಾನಾಗಿ ಸಮತಟ್ಟು ಮಾಡುವ ವ್ಯವಸ್ಥೆ. ಗಾಡಿಯಲ್ಲಿ ಅಬ್ಸಾರ್ಪ್ಷನ್ ಫ್ರಿಜ್ (ಕಂಪ್ರೆಸರ್ ಇಲ್ಲದೆ ಶಾಖದಿಂದ ತಂಪು ಮಾಡುವ, ಗ್ಯಾಸ್‌ನಿಂದಲೂ ನಡೆಯುವ ಫ್ರಿಜ್) ಇದ್ದರೆ ಲೆವೆಲ್ ನಿಜಕ್ಕೂ ಮುಖ್ಯ. ಸಾಮಾನ್ಯವಾಗಿ ಫ್ರಿಜ್ ಎದುರು ನಿಂತು ನೋಡಿದಾಗ ಎಡ-ಬಲಕ್ಕೆ 3 ಡಿಗ್ರಿ, ಹಿಂದೆ-ಮುಂದಕ್ಕೆ 6 ಡಿಗ್ರಿ ದಾಟಿ ವಾಲಿಸಬೇಡಿ. ಹೆಚ್ಚು ವಾಲಿದರೆ ಅಮೋನಿಯಾ ದ್ರಾವಣ ಸರಿಯಾಗಿ ಹರಿಯದೆ ಕೂಲಿಂಗ್ ಯೂನಿಟ್ ಅತಿಯಾಗಿ ಕಾದು ಕೆಡಬಹುದು. ಕೆಟ್ಟರೆ ಇಡೀ ಯೂನಿಟ್ಟೇ ಬದಲಿಸಬೇಕಾಗಬಹುದು. ಕಂಪ್ರೆಸರ್ ಫ್ರಿಜ್‌ಗೆ ಈ ತಲೆನೋವು ಕಡಿಮೆ. ಆಗ ಲೆವೆಲಿಂಗ್ ಅನ್ನೋದು ನಿದ್ದೆಗೆ, ಶವರ್ ನೀರು ಇಳಿಯೋದಕ್ಕೆ ಅಷ್ಟೇ.

ಚಿಕ್ಕ ಗಾಡಿಗೆ ಚಕ್ರದ ಕೆಳಗಿಡುವ ಎರಡು ರ‍್ಯಾಂಪ್, ವಾಲಿಕೆ ತೋರಿಸುವ ಒಂದು ಸ್ಪಿರಿಟ್ ಲೆವೆಲ್ ಸಾಕು. ದಿನಾ ಜಾಗ ಬದಲಿಸುವ ದೊಡ್ಡ ಗಾಡಿಗಾದರೆ ನಾಲ್ಕು ಜ್ಯಾಕ್‌ನ ಹೈಡ್ರಾಲಿಕ್ ಸೆಟ್‌ಗೆ ಅರ್ಥವಿದೆ. ಆದರೆ ಅದರ ತೂಕ ಪೇಲೋಡ್‌ನಿಂದಲೇ (ಗಾಡಿ ಹೊರಬಹುದಾದ ಭಾರದಿಂದಲೇ) ಕಳೆಯುತ್ತೆ. ನೀರು, ಸಾಮಾನು ತುಂಬಿಸಿ ವೇಬ್ರಿಡ್ಜ್‌ನಲ್ಲಿ ಒಂದೊಂದೇ ಆಕ್ಸಲ್ ತೂಗಿಸಿ, ಆಮೇಲೆ ಆರ್ಡರ್ ಕೊಡಿ.

ಮೆತ್ತನೆ ನೆಲದಲ್ಲಿ ಜ್ಯಾಕ್ ಕೆಳಗೆ ಪ್ಯಾಡ್ ಕಡ್ಡಾಯ. ಹಿಂದಿನ ಚಕ್ರ ನೆಲ ಬಿಡಬಾರದು: ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಡಿಯೋದು ಅವನ್ನೇ.