ಮೋಟಾರ್‌ಹೋಮಿನ ನಲ್ಲಿ ಸಣ್ಣಗಾದಾಗ

ಹೋದ ವರ್ಷ ಚಳಿ ಕಳೆದ ಮೇಲೆ ಮಗ ಒಂದು ಹಳೆಯ ಮೋಟಾರ್‌ಹೋಮ್ ಕೊಂಡ. ಅವನಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಊರಿನ ಪಕ್ಕ. 26 ಅಡಿ ಉದ್ದದ ಗಾಡಿ. ಒಳಗೆ ಮಂಚ, ಒಲೆ, ಫ್ರಿಜ್, ಬೆಂಕಿಪೆಟ್ಟಿಗೆಯಂಥ ಒಂದು ಬಚ್ಚಲು. ಆ ಬಚ್ಚಲಿನ ನಲ್ಲಿ ತಿರುಗಿಸಿದರೆ ಉದ್ಧರಣೆಯಲ್ಲಿ ತೀರ್ಥ ಬಿಟ್ಟಷ್ಟು ನೀರು. ಮುಖದ ಸೋಪು ತೊಳೆಯುವಷ್ಟರಲ್ಲಿ ಕಣ್ಣು ಉರಿದು ಕೆಂಪಗಾಗುತ್ತಿತ್ತು. ಮಗ ಒಂದೇ ಮಾತಲ್ಲಿ ತೀರ್ಪು ಕೊಟ್ಟ, ಪಂಪು ಹೋಗಿದೆ ಅಂತ. ಸಂಜೆಯೊಳಗೆ ಹೊಸ ಪಂಪಿಗೆ ಆರ್ಡರೂ ಆಯಿತು.

ನಾನು ಮೆಕ್ಯಾನಿಕ್ ಅಲ್ಲ. ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರಲ್ಲಿ 35 ವರ್ಷ ಸಂಸಾರ ಮಾಡಿದವಳು. ಹಂಡೆಯ ಒಳಗೆ ಸುಣ್ಣ ಬಳಿದ ಹಾಗೆ ಪದರ ಕಟ್ಟುತ್ತಿದ್ದ ನೀರು ಅದು, ಬೇಳೆ ಬೇಯಬೇಕಾದರೆ ಎರಡು ಸಲ ಸೌದೆ ಒಟ್ಟಬೇಕು. ನಮ್ಮ ಮನೆಯವರು ಬಸ್ ಕಂಡಕ್ಟರ್. ವಾರದಲ್ಲಿ ನಾಲ್ಕು ರಾತ್ರಿ ಲೈನ್ ಮೇಲೇ ಇರುತ್ತಿದ್ದರು. ಹಾಗಾಗಿ ನಲ್ಲಿ ಬಿಚ್ಚುವುದು, ವಾಷರ್ ಹಾಕುವುದು ನನ್ನ ಪಾಲಿಗೇ ಬಂತು. ಆ ಧೈರ್ಯದ ಮೇಲೆ ಮಗನಿಗೆ ಹೇಳಿದೆ, "ಅಡುಗೆಮನೆ ನಲ್ಲಿ ಬಿಡು ನೋಡೋಣ."

ಅಡುಗೆಮನೆ ನಲ್ಲಿಯಲ್ಲಿ ತಣ್ಣೀರು ಧೋ ಅಂತ ಬಂತು. ಎರಡಕ್ಕೂ ನೀರು ತಳ್ಳುವುದು ಅದೇ ಪಂಪು ತಾನೇ? ಹೊಸ ಪಂಪಿನ ದುಡ್ಡು ದಂಡ ಆಯಿತು ಅಂತ ಅವನಿಗೆ ಆಗಲೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ.

ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮೊದಲು ನಲ್ಲಿಯನ್ನು ನಾಲ್ಕು ಪ್ರಶ್ನೆ ಕೇಳಬೇಕು. ಒಂದು ನಲ್ಲಿ ಮಾತ್ರ ಸಣ್ಣಗಿದೆಯೋ, ಎಲ್ಲವೂ ಸಣ್ಣಗಿವೆಯೋ? ತಣ್ಣೀರೋ, ಬಿಸಿನೀರೋ, ಎರಡೂನೋ? ಗಾಡಿ ನಿಲ್ಲಿಸಿದ ಜಾಗದ ನಲ್ಲಿಯಿಂದ ಹೊರಗಿನ ಪೈಪು ಸಿಕ್ಕಿಸಿದಾಗ ಹೇಗೆ ಬರುತ್ತೆ, ಗಾಡಿಯದೇ ಟ್ಯಾಂಕಿನಿಂದ ಪಂಪು ಹಾಕಿದಾಗ ಹೇಗೆ ಬರುತ್ತೆ? ದಿನದಿಂದ ದಿನಕ್ಕೆ ಸೊರಗಿತೋ, ಒಂದೇ ದಿನದಲ್ಲಿ ನಿಂತಿತೋ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ, ಕೈ ಒದ್ದೆಯಾಗದೆ.

ಕಣ್ಣಳತೆ ನಂಬಬೇಡಿ, ಅಳೆಯಿರಿ. ನನ್ನ ಹತ್ತಿರ ಊರಿಂದ ತಂದ 1 ಲೀಟರಿನ ಸ್ಟೀಲ್ ಚೊಂಬಿತ್ತು. ನಲ್ಲಿ ಪೂರ್ತಿ ಬಿಟ್ಟು, ಚೊಂಬು ತುಂಬಲು ಎಷ್ಟು ಸೆಕೆಂಡು ಬೇಕು ಅಂತ ನೋಡುವುದು, ಅಷ್ಟೇ. ಅಮೆರಿಕದಲ್ಲಿ 1994ರಿಂದ ಹೊಸ ನಲ್ಲಿಗಳಿಗೆ ಒಂದು ಮಿತಿ ಇದೆ, ನಿಮಿಷಕ್ಕೆ 2.2 ಗ್ಯಾಲನ್. ನಮ್ಮ ಲೆಕ್ಕದಲ್ಲಿ 8.3 ಲೀಟರ್. ಅಂದರೆ ಚೊಂಬು ಸುಮಾರು 7 ಸೆಕೆಂಡಿಗೆ ತುಂಬಬೇಕು. ಕೆಲವು ನಲ್ಲಿ ಇನ್ನೂ ಬಿಗಿ, ನಿಮಿಷಕ್ಕೆ 1.2 ಗ್ಯಾಲನ್ನಿನವು, ಅದರಲ್ಲಿ 13 ಸೆಕೆಂಡು. ನಮ್ಮದು ತೆಗೆದುಕೊಂಡದ್ದು 48. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ. ರಿಪೇರಿ ಆದ ಮೇಲೆ "ಸ್ವಲ್ಪ ಪರವಾಗಿಲ್ಲ ಅಲ್ವಾ" ಅಂತ ನಮಗೆ ನಾವೇ ಸಮಾಧಾನ ಹೇಳಿಕೊಳ್ಳುವುದು ತಪ್ಪುತ್ತದೆ.

ಒಂದೇ ನಲ್ಲಿ ಸಣ್ಣಗಿದ್ದರೆ ಮೊದಲು ಹಿಡಿಯಬೇಕಾದದ್ದು ಅದರ ಬಾಯನ್ನು. ಬಾಯಲ್ಲಿ ಒಂದು ಸಣ್ಣ ತಿರುಪಿನ ಬಿಲ್ಲೆ ಇರುತ್ತದೆ, ಅದಕ್ಕೆ ಏರೇಟರ್ ಅಂತಾರೆ. ನೀರಿಗೆ ಗಾಳಿ ಬೆರೆಸಿ ಸಿಡಿಯದ ಹಾಗೆ ಬಿಡುವುದು ಅದರ ಕೆಲಸ. ಬಿಚ್ಚುವ ಮೊದಲು ಸಿಂಕಿನ ತೂತಿಗೆ ಮುಚ್ಚಳ ಹಾಕಿ, ಇಲ್ಲವೇ ಬಟ್ಟೆ ತುರುಕಿ. ಒಳಗಿನ ವಾಷರ್ ಜಾರಿ ಒಳಗೆ ಹೋದರೆ ಆಮೇಲೆ ಅಂಗಡಿ ಅಂಗಡಿ ಅಲೆಯಬೇಕು. ಬರಿಗೈಯಲ್ಲಿ ತಿರುಗದಿದ್ದರೆ ಒಂದು ರಬ್ಬರ್ ತುಂಡು ಸುತ್ತಿ, ಆಮೇಲೆ ಇಕ್ಕಳ. ಈ ಗಾಡಿಗಳಲ್ಲಿ ನಲ್ಲಿ ಬಹಳ ಸಲ ಪ್ಲಾಸ್ಟಿಕ್ಕಿನದೇ ಇರುತ್ತದೆ, ಮೇಲೆ ಬೆಳ್ಳಿಯ ಬಣ್ಣ ಅಷ್ಟೇ. ಜೋರು ಮಾಡಿದರೆ ತಿರುಪಿನ ಸುತ್ತುಗೆರೆಯೇ ಕಿತ್ತುಬರುತ್ತದೆ. ಇನ್ನೊಂದು ಮಾತು. ಕೆಳಗಿನಿಂದ ನೋಡಿದಾಗ ಅದು ಎಡಕ್ಕೆ ಬಿಚ್ಚುತ್ತದೆ. ಮೇಲಿನಿಂದ ಬಗ್ಗಿ ನೋಡುವವರಿಗೆ ಬಲಕ್ಕೆ ತಿರುಗಿಸಿದ ಹಾಗೆ ಕಾಣುತ್ತದೆ. ನನ್ನ ಮಗ ಇಲ್ಲೇ ತಪ್ಪಿ ಐದು ನಿಮಿಷ ಇನ್ನೂ ಬಿಗಿ ಮಾಡುತ್ತಾ ನಿಂತಿದ್ದ.

ಬಿಚ್ಚಿ ಅಂಗೈ ಮೇಲೆ ಹಾಕಿಕೊಂಡೆ. ಮೇಲೊಂದು ರಬ್ಬರ್ ಬಳೆ. ಅದರ ಕೆಳಗೆ ಮಧ್ಯೆ ಸಣ್ಣ ಕಣ್ಣುಗಳಿರುವ ಒಂದು ಬಣ್ಣದ ಬಿಲ್ಲೆ. ನೀರನ್ನು ಅಳತೆಗೆ ಇಳಿಸುವುದು ಅದೇ. ಅದರ ಕೆಳಗೆ ಎರಡು ಜಾಲರಿ. ಜಾಲರಿ ಅನ್ನುವುದು ಹೆಸರಿಗೆ. ಕಣ್ಣೆಲ್ಲಾ ಮುಚ್ಚಿಹೋಗಿ, ಒಣಗಿದ ಹಪ್ಪಳದ ಹಾಗೆ ಒಂದು ಬಿಳಿ ತಟ್ಟೆ ಆಗಿತ್ತು. ಉಗುರಲ್ಲಿ ಕೆರೆದರೆ ಪುಡಿ ಉದುರಿತು. ಅದರ ಮಧ್ಯೆ ರಾಗಿಕಾಳಿನಷ್ಟು ದೊಡ್ಡ ಬೂದು ಚೂರುಗಳು. ಫೀನಿಕ್ಸ್ ನೀರು ಒಳ್ಳೆ ಗಡಸು. ಕೊಲೊರಾಡೊ ನದಿಯಿಂದ ಮರುಭೂಮಿಯ ಮೇಲೆ ಕಾಲುವೆಯಲ್ಲಿ ಬರುವ ನೀರೂ ಅದರಲ್ಲಿ ಸೇರಿರುತ್ತದೆ, ದಾರಿಯುದ್ದಕ್ಕೂ ಸುಣ್ಣ ಹೊತ್ತು ತರುತ್ತದೆ. ನೋಡಿದ ತಕ್ಷಣ ನಮ್ಮೂರ ಹಂಡೆಯ ನೆನಪಾಯಿತು. ಹೊಸ ಗಾಡಿಯಲ್ಲಾದರೆ ಸುಣ್ಣದ ಬದಲು ಪ್ಲಾಸ್ಟಿಕ್ ಹೊಟ್ಟು ಸಿಗುವುದು ಜಾಸ್ತಿ. ಕಾರ್ಖಾನೆಯಲ್ಲಿ ಟ್ಯಾಂಕಿಗೆ ತೂತು ಕೊರೆದಾಗ ಒಳಗೆ ಉಳಿದ ಪುಡಿ ಅದು.

ಒಂದೊಂದು ತುಂಡು ತೆಗೆಯುವಾಗಲೂ ಫೋನಿನಲ್ಲಿ ಫೋಟೋ ಹಿಡಿದುಕೊಳ್ಳಿ. ಜೋಡಿಸುವಾಗ ಯಾವುದು ಮೇಲೆ, ಯಾವುದು ಕೆಳಗೆ ಅಂತ ತಲೆ ಕೆಡುತ್ತದೆ. ಆಮೇಲೆ ಎಲ್ಲವನ್ನೂ ಒಂದು ಬಟ್ಟಲಿಗೆ ಹಾಕಿ, ಮುಳುಗುವಷ್ಟು ಬಿಳಿ ವಿನಿಗರ್ ಹುಯ್ಯಿರಿ. ಅಂಗಡಿಯಲ್ಲಿ ಸಿಗುವ ಸಾಧಾರಣ 5 ಶೇಕಡಾದ್ದೇ ಸಾಕು. ಗುಳ್ಳೆ ಏಳುತ್ತಿದ್ದರೆ ಸುಣ್ಣ ಕರಗುತ್ತಿದೆ ಅಂತ. ಅರ್ಧ ಗಂಟೆ ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ರಾತ್ರಿಯೆಲ್ಲಾ ನೆನೆಹಾಕಬೇಡಿ, ಮೇಲಿನ ಹೊಳಪು ಹೋಗುತ್ತದೆ. ಪಿನ್ನು ತೆಗೆದುಕೊಂಡು ಜಾಲರಿ ಚುಚ್ಚುವುದೂ ಬೇಡ, ಕಣ್ಣು ಹರಿದರೆ ನೀರು ಅಡ್ಡಾದಿಡ್ಡಿ ಸಿಡಿಯುತ್ತದೆ. ತೀರಾ ಕೆಟ್ಟಿದ್ದರೆ ಹಳೆಯದನ್ನು ಅಂಗಡಿಗೆ ಹಿಡಿದುಕೊಂಡು ಹೋಗಿ ಅದೇ ಅಳತೆಯ ಹೊಸತು ತನ್ನಿ, ಕೆಲವೇ ಡಾಲರ್.

ಅದು ನೆನೆಯುತ್ತಿರುವಾಗ ಸುಮ್ನೆ ಕೂರಬೇಡಿ. ಏರೇಟರ್ ಇಲ್ಲದೆ ನಲ್ಲಿ ಬಿಟ್ಟು ನೋಡಿ, ತಣ್ಣೀರು ಒಂದು ಸಲ, ಬಿಸಿನೀರು ಒಂದು ಸಲ. ಬಾಯಿ ಬಿಚ್ಚಿದರೂ ನೀರು ಸಣ್ಣಗೇ ಬಂದರೆ ಕಸ ಹಿಂದೆ ಎಲ್ಲೋ ಇದೆ. ಆಗ ಸಿಂಕಿನ ಕೆಳಗೆ ಟಾರ್ಚ್ ಹಾಕಿ ನೋಡಿ. ಅಲ್ಲಿ ಕೆಂಪು, ನೀಲಿ ಅಥವಾ ಬಿಳಿ ಪ್ಲಾಸ್ಟಿಕ್ ಪೈಪು ಹಾದಿರುತ್ತದೆ. ಸೋಪಿನ ಡಬ್ಬ, ಟಾಯ್ಲೆಟ್ ಕಾಗದ ಎಲ್ಲಾ ತುಂಬಿ ತುಂಬಿ ಪೈಪು ಮಡಚಿಕೊಂಡಿರುವುದು ಉಂಟು. ನಲ್ಲಿಗೆ ಸೇರುವ ನಟ್ಟುಗಳನ್ನು ಕೈಯಲ್ಲೇ ಬಿಗಿ ಮಾಡಬೇಕು. ಒಳಗಿನ ರಬ್ಬರಿನ ಶಂಕು ಜಜ್ಜಿಹೋದರೆ ಅದೂ ದಾರಿ ಕಟ್ಟುತ್ತದೆ.

ನಮ್ಮಲ್ಲಿ ಏರೇಟರ್ ಬಿಚ್ಚಿದ ಕೂಡಲೇ ತಣ್ಣೀರು ಚೆನ್ನಾಗಿ ಬಂತು. ಬಿಸಿನೀರು ಮಾತ್ರ ದಾರದಷ್ಟೇ. ಅಡುಗೆಮನೆಗೆ ಹೋಗಿ ಬಿಸಿನೀರು ಬಿಟ್ಟರೆ ಅಲ್ಲೂ ಅದೇ ಕಥೆ. ಮೊದಲ ಸಲ ನಾನೂ ತಣ್ಣೀರು ಮಾತ್ರ ಬಿಟ್ಟು ನೋಡಿದ್ದೆ, ನೋಡಿ. ಒಂದು ರೋಗ ಅಂದುಕೊಂಡದ್ದು ಎರಡಾಗಿತ್ತು.

ಎಲ್ಲಾ ನಲ್ಲಿಯಲ್ಲೂ ಬಿಸಿನೀರು ಮಾತ್ರ ಸಣ್ಣಗಿದ್ದರೆ ದೋಷ ಗೀಸರಿನ ಹತ್ತಿರ ಇರುತ್ತದೆ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ 6 ಗ್ಯಾಲನ್, ಅಂದರೆ 22 ಲೀಟರ್ ಚಿಲ್ಲರೆ ಹಿಡಿಯುವ ಗೀಸರ್. ಚಳಿ ದೇಶದಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೆಯಬಾರದು ಅಂತ ಚಳಿಗಾಲಕ್ಕೆ ಮುಂಚೆ ನೀರೆಲ್ಲಾ ಖಾಲಿ ಮಾಡಿ, ಗುಲಾಬಿ ಬಣ್ಣದ ಒಂದು ದ್ರವ ತುಂಬಿಡುತ್ತಾರೆ. ಆ ದ್ರವ ಗೀಸರಿನೊಳಗೆ ಹೋಗದಂತೆ ಹಿಂದೆ ಎರಡೋ ಮೂರೋ ವಾಲ್ವ್ ಇರುತ್ತವೆ. ಬೇಸಿಗೆಗೆ ಅವನ್ನು ಮತ್ತೆ ಸರಿಯಾಗಿ ತಿರುಗಿಸಲು ಜನ ಮರೆಯುತ್ತಾರೆ. ಹಿಡಿ ಪೈಪಿನ ನೇರಕ್ಕಿದ್ದರೆ ದಾರಿ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಮೂರು ವಾಲ್ವ್ ಇದ್ದರೆ ಗೀಸರಿಗೆ ಹೋಗುವುದು, ಗೀಸರಿನಿಂದ ಬರುವುದು ಎರಡೂ ತೆರೆದಿರಬೇಕು, ನಡುವಿನದು ಮುಚ್ಚಿರಬೇಕು.

ನೀರೇ ಗುಟ್ಟು ಹೇಳುತ್ತದೆ. ಉಗುರುಬೆಚ್ಚಗೆ ಧಾರಾಳವಾಗಿ ಬಂದರೆ ನಡುವಿನ ವಾಲ್ವ್ ತೆರೆದು ತಣ್ಣೀರು ಬೆರೆಯುತ್ತಿದೆ. ಸುಡುವಷ್ಟು ಬಿಸಿ, ಆದರೆ ಸಣ್ಣಗೆ ಬಂದರೆ ಗೀಸರಿನ ಹೋಗುವ ದಾರಿಯಲ್ಲೋ ಬರುವ ದಾರಿಯಲ್ಲೋ ಅಡ್ಡಿ ಇದೆ. ನಮ್ಮದು ಎರಡನೆಯದು. ಮಂಚದ ಕೆಳಗಿನ ಹಲಗೆ ತೆಗೆದು ನೋಡಿದರೆ ಹೊರಬರುವ ವಾಲ್ವಿನ ಹಿಡಿ ಅರ್ಧ ಅಡ್ಡ ನಿಂತಿತ್ತು. ಅದನ್ನು ನೇರಕ್ಕೆ ತಿರುಗಿಸಿದ್ದಷ್ಟೇ ರಿಪೇರಿ. ವಾಲ್ವ್ ಸರಿಯಿದ್ದೂ ಸಣ್ಣಗೆ ಬಂದರೆ ಗೀಸರಿನ ಬಾಯಲ್ಲಿರುವ ಚೆಕ್ ವಾಲ್ವ್, ಅಂದರೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್, ಅಂಟಿಕೊಂಡಿರಬಹುದು, ಅದನ್ನು ಬದಲಿಸಬೇಕು. ಇವೆಲ್ಲಾ ಮುಟ್ಟುವ ಮೊದಲು ಗೀಸರ್ ಆರಿಸಿ, ನೀರು ಪೂರ್ತಿ ತಣ್ಣಗಾಗಲಿ, ಪಂಪು ಆಫ್ ಮಾಡಿ, ನಲ್ಲಿ ಬಿಟ್ಟು ಒತ್ತಡ ಇಳಿಸಿ. ಖಾಲಿ ಗೀಸರಿಗೆ ಕರೆಂಟು ಕೊಟ್ಟರೆ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ, ಅದೂ ನೆನಪಿರಲಿ.

ಇನ್ನು ಎಲ್ಲಾ ನಲ್ಲಿಯೂ ಸಣ್ಣಗಿದ್ದರೆ? ಹೊರಗಿನ ಪೈಪಿನಲ್ಲಿ ಮಾತ್ರ ಹಾಗಾದರೆ, ಪೈಪು ಗಾಡಿಗೆ ಸೇರುವ ಬಾಯಲ್ಲಿ ಒಂದು ಸಣ್ಣ ಜಾಲರಿ ಇದೆ, ಅದರಲ್ಲಿ ಮರಳು ಕೂತಿರುತ್ತದೆ. ತೆಗೆಯುವ ಮೊದಲು ಇಲ್ಲೂ ಒಳಗಿನ ನಲ್ಲಿ ಬಿಟ್ಟು ಒತ್ತಡ ಇಳಿಸಲೇಬೇಕು, ಇಲ್ಲದಿದ್ದರೆ ಹಿಂದಿನ ವಾಲ್ವ್ ಕೆಡುತ್ತದೆ. ಫಿಲ್ಟರ್ ಇದ್ದರೆ ಅದನ್ನು ತೆಗೆದು ಒಂದು ಸಲ ನೋಡಿ. ನೀರಿನ ಒತ್ತಡ ತಗ್ಗಿಸಲು ಪೈಪಿಗೆ ಹಾಕುವ ರೆಗ್ಯುಲೇಟರ್ ಕೊಳವೆಯಂಥ ಅಗ್ಗದ ಹಿತ್ತಾಳೆಯದಾದರೂ ನೀರು ಸೊರಗುತ್ತದೆ. ಹಾಗಂತ ರೆಗ್ಯುಲೇಟರ್ ಬಿಸಾಕಬೇಡಿ. ಒತ್ತಡವನ್ನು ಇಲ್ಲಿ ಪಿಎಸ್‌ಐ ಲೆಕ್ಕದಲ್ಲಿ ಅಳೆಯುತ್ತಾರೆ; ಕೆಲವು ಕಡೆ ನೀರು 100 ಪಿಎಸ್‌ಐ ಮೀರಿ ನುಗ್ಗುತ್ತದೆ, ಪೈಪಿನ ಕೀಲು ಬಿಟ್ಟುಕೊಳ್ಳುತ್ತದೆ. ಮುಳ್ಳು ಇರುವ, ತಿರುಗಿಸಿ ಹೊಂದಿಸುವ ನಮೂನೆಯದು ತಂದು 45-50ಕ್ಕೆ ಇಡಿ. 50 ಅಂದರೆ ಎಷ್ಟು ಗೊತ್ತೇ? ತಾರಸಿಯ ಸಿಂಟೆಕ್ಸ್ ಟ್ಯಾಂಕನ್ನು 35 ಮೀಟರ್ ಎತ್ತರದಲ್ಲಿ ಇಟ್ಟಷ್ಟು. ನಮ್ಮೂರ ಮನೆಯಲ್ಲಿ ಟ್ಯಾಂಕು ನಲ್ಲಿಗಿಂತ 3 ಮೀಟರ್ ಮೇಲಿತ್ತು, 4 ಪಿಎಸ್‌ಐ ಚಿಲ್ಲರೆ. ಅದರಲ್ಲೇ ಮದುವೆ ಮನೆ ಪಾತ್ರೆ ತೊಳೆದಿದ್ದೇವೆ. ದಾರಿ ಅಗಲವಿತ್ತು, ಅದಕ್ಕೆ.

ಮಗ ಮುಳ್ಳು ತೋರಿಸಿ ವಾದ ಮಾಡಿದ, "50 ಇದೆಯಲ್ಲಮ್ಮ, ಮತ್ತೆ ಯಾಕೆ ಬರಲ್ಲ?" ಬಸ್‌ಸ್ಟ್ಯಾಂಡಿನಲ್ಲಿ ಬಾಗಿಲು ಹಾಕಿದ ಬಸ್ಸಿನ ಮುಂದೆ ಜನ ಹೇಗೆ ಒತ್ತುತ್ತಾರೆ, ನೋಡಿದ್ದೀರಲ್ಲ. ಒತ್ತಡ ಬೇಕಾದಷ್ಟು, ಒಳಗೆ ಹೋದವರು ಒಬ್ಬರೂ ಇಲ್ಲ. ನಲ್ಲಿ ಮುಚ್ಚಿದಾಗ ಮುಳ್ಳು 50 ತೋರಿಸುವುದರಲ್ಲಿ ವಿಶೇಷವಿಲ್ಲ. ನಲ್ಲಿ ಬಿಟ್ಟು ಆಗ ನೋಡಬೇಕು. ಮುಳ್ಳು ಧೊಪ್ಪನೆ ಬಿದ್ದರೆ ಅಡ್ಡಿ ಹೊರಗೆ, ಅಲುಗದೆ ನಿಂತರೆ ಅಡ್ಡಿ ಗಾಡಿಯೊಳಗೆ.

ಕೊನೆಗೆ ಪಂಪು. 12 ವೋಲ್ಟಿನ ಸಣ್ಣ ಪಂಪು ಅದು. ಸುಮಾರು 55 ಪಿಎಸ್‌ಐ ಆದಾಗ ತಾನಾಗಿ ನಿಂತು, ಒತ್ತಡ ಇಳಿದಾಗ ಮತ್ತೆ ಓಡುತ್ತದೆ. ಅದರ ಸದ್ದು ಕೇಳಿ. ನಲ್ಲಿ ಪೂರ್ತಿ ಬಿಟ್ಟಿದ್ದರೂ ಟರ್ರ್, ನಿಲ್ಲು, ಟರ್ರ್, ನಿಲ್ಲು ಅಂತಿದ್ದರೆ ಪಂಪು ಗಟ್ಟಿಯಾಗಿದೆ, ಅಡ್ಡಿ ಅದರ ಮುಂದೆ ಇದೆ. ನಿಲ್ಲದೆ ಓಡುತ್ತಾ ನೀರು ಸಣ್ಣಗೆ ಬಂದರೆ ಅದರ ಹಿಂದೆ ಹುಡುಕಿ. ಟ್ಯಾಂಕಿನ ಕಡೆ ಒಂದು ಪಾರದರ್ಶಕ ಬಟ್ಟಲು ಇರುತ್ತದೆ, ಒಳಗೆ ಜಾಲರಿ. ತಿರುಗಿಸಿ ತೆಗೆದು ತೊಳೆಯಿರಿ. ನೀರು ಉಗುಳಿ ಉಗುಳಿ ಬಂದರೆ ಆ ಬಟ್ಟಲು ಸರಿಯಾಗಿ ಕೂತಿಲ್ಲ, ಗಾಳಿ ಎಳೆಯುತ್ತಿದೆ. ಬ್ಯಾಟರಿ ಇಳಿದಿದ್ದರೂ ಪಂಪು ಸುಸ್ತಾಗುತ್ತದೆ. ಇಷ್ಟೂ ನೋಡಿ ಆದ ಮೇಲೆ ಹೊಸ ಪಂಪಿನ ಯೋಚನೆ.

ನಮ್ಮ ನಲ್ಲಿಯಲ್ಲಿ ಚೊಂಬು ಈಗ 7 ಸೆಕೆಂಡಿಗೆ ತುಂಬಿತು. ನಿಜ ಹೇಳಬೇಕೆಂದರೆ ಅದರಲ್ಲಿ ನನ್ನದೊಂದು ಕಿತಾಪತಿಯೂ ಇತ್ತು. ಏರೇಟರ್ ಜೋಡಿಸುವಾಗ ಅಳತೆಯ ಬಣ್ಣದ ಬಿಲ್ಲೆಯನ್ನು ಹಾಕದೇ ಬಿಟ್ಟಿದ್ದೆ. ಸೊಸೆಗೆ ಖುಷಿಯೋ ಖುಷಿ.

ಮುಂದಿನ ವಾರ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋದೆವು. ಅಲ್ಲಿನ ಮ್ಯಾದರ್ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿಗೆ ನೀರಿನ ಪೈಪು ಸಿಕ್ಕಿಸುವಂತಿಲ್ಲ, ಬಚ್ಚಲ ನೀರು ಬಿಡಲು ಮೋರಿಯ ಸಂಪರ್ಕವೂ ಇಲ್ಲ. ತಂದ ನೀರೇ ಗತಿ, ಬಳಸಿದ್ದನ್ನು ಹೊತ್ತುಕೊಂಡೇ ಇರಬೇಕು. ನಮ್ಮ ಬಚ್ಚಲ ನೀರಿನ ಟ್ಯಾಂಕು ಹಿಡಿಯುವುದು 30 ಗ್ಯಾಲನ್, 113 ಲೀಟರ್ ಚಿಲ್ಲರೆ. ಎರಡನೇ ದಿನ ಮಧ್ಯಾಹ್ನಕ್ಕೇ ಮುಕ್ಕಾಲು ತುಂಬಿತ್ತು. ಮಗ ಟ್ಯಾಂಕು ಎಷ್ಟು ತುಂಬಿದೆ ಅಂತ ತೋರಿಸುವ ಗೋಡೆಯ ದೀಪ ನೋಡಿದ, ನನ್ನ ಮುಖ ನೋಡಿದ. "ಅಮ್ಮ, ಆ ಬಿಲ್ಲೆ ಎಲ್ಲಿಟ್ಟೆ?" ಅಂದ. ಮೆಂತ್ಯದ ಡಬ್ಬಿಯ ಮುಚ್ಚಳದೊಳಗೆ ಇತ್ತು. ತೆಗೆದುಕೊಟ್ಟೆ.