ನ್ಯಾಷನಲ್ಸ್‌ಗೆ ಸೆಲೆಕ್ಟ್ ಆದೋರು ಮಾತ್ರೆ, ಸಿರಪ್, ಡ್ರಿಪ್ ತಗೊಳೋ ಮುಂಚೆ ನೋಡ್ಬೇಕಾದ್ದು

ದಾವಣಗೆರೆ ಗರಡಿ ಹುಡುಗ್ರಿಗೆ, ಹಂಗೇ ಚಿತ್ರದುರ್ಗದ ಒನಕೆ ಓಬವ್ವ ಸ್ಟೇಡಿಯಂನಲ್ಲಿ ಓಡೋ ಹುಡ್ಗೀರಿಗೂ ಸೇರಿಸಿ ಬರೀತಿದೀನಿ. ದುಗ್ಗಮ್ಮನ ಜಾತ್ರೆ ಕುಸ್ತೀಲಿ ಯಾರೂ ಬಾಟ್ಲಿ ಕೊಟ್ಟು ಯೂರಿನ್ ಕೊಡಪ್ಪ ಅನ್ನಲ್ಲ, ಆದ್ರೆ ನ್ಯಾಷನಲ್ಸ್ ಮಟ್ಟಕ್ಕೆ ಹೋದ್ರಿ ಅಂದ್ರೆ ನಾಡಾದವ್ರು (ಡೋಪಿಂಗ್, ಅಂದ್ರೆ ಆಟಗಾರರು ಬ್ಯಾನ್ ಆದ ಔಷಧಿ ತಗೊಳೋದನ್ನ ಹಿಡಿಯೋ ನಮ್ ದೇಶದ ಸಂಸ್ಥೆ) ಟೆಸ್ಟ್‌ಗೆ ಮ್ಯಾಚ್ ದಿನಾನೂ ಬರ್ಬಹುದು, ಮ್ಯಾಚ್ ಇಲ್ದಾಗ ಕ್ಯಾಂಪ್‌ಗೋ ಮನೆಗೋನೂ ಬರ್ಬಹುದು.

ರೂಲ್ ಎಲ್ಲಿಂದ ಬಂತು ಅಂದ್ರೆ, 1999ರಲ್ಲಿ ಇಡೀ ಜಗತ್ತಿನ ಡೋಪಿಂಗ್ ತಡೆ ಸಂಸ್ಥೆ ವಾಡಾ ಶುರುವಾಯ್ತು, ಅದರ ಕೋಡ್, ಅಂದ್ರೆ ರೂಲ್ ಪುಸ್ತಕ, 2004ರಿಂದ ಜಾರಿ, ಆಮೇಲೆ 2005ರ ಯುನೆಸ್ಕೋ ಒಪ್ಪಂದಕ್ಕೆ ನಮ್ ದೇಶ 2007ರಲ್ಲಿ ಒಪ್ಗೆ ಕೊಡ್ತು, 2022ರಲ್ಲಿ ಪಾರ್ಲಿಮೆಂಟ್ ಕಾಯ್ದೆನೂ ಮಾಡ್ತು. ಇಷ್ಟು ಸಾಕು. ಮುಖ್ಯವಾದ್ದು ಒಂದೇ: ಬ್ಯಾನ್ ಆದ ಔಷಧಿ ಮೈಯಲ್ಲಿ ಸಿಕ್ತಾ, ಕೇಸ್ ನಿಮ್ ಮೇಲೇನೇ. ಡಾಕ್ಟ್ರು ಬರ್ದಿದ್ರು, ಕೋಚ್ ಕೊಟ್ರು, ಗೊತ್ತಿರ್ಲಿಲ್ಲ ಸಾರ್ ಅಂದ್ರೆ ಶಿಕ್ಷೆ ಕಮ್ಮಿ ಆಗ್ಬಹುದೇ ಹೊರತು ಕೇಸ್ ಬೀಳೋದು ತಪ್ಪಲ್ಲ. 2019ರಲ್ಲಿ ಕ್ರಿಕೆಟರ್ ಪೃಥ್ವಿ ಶಾ ಕೆಮ್ಮಿನ ಸಿರಪ್ ಕುಡ್ದೆ ಅಂದ, ಬಿಸಿಸಿಐ ಅದನ್ನ ನಂಬ್ತು ಕೂಡ, ಆದ್ರೂ ಬ್ಯಾನ್ ಲಿಸ್ಟಲ್ಲಿರೋ ಟರ್ಬ್ಯುಟಲೀನ್ ಸಿಕ್ಕಿದ್ದಕ್ಕೆ 8 ತಿಂಗಳು ಹೊರಗೆ.

ಅದಕ್ಕೇ ಮೆಡಿಕಲ್ ಶಾಪ್‌ನಲ್ಲಿ ಬ್ರ್ಯಾಂಡ್ ಹೆಸ್ರು ಕೇಳ್ಬೇಡಿ, ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಇರೋ ಔಷಧಿ ಹೆಸ್ರು ಓದಿ, ಅದನ್ನ ನಾಡಾದ ನೋ ಯುವರ್ ಮೆಡಿಸಿನ್ ಆ್ಯಪ್‌ನಲ್ಲಿ ಹುಡುಕಿ, ಸ್ಕ್ರೀನ್‌ಶಾಟ್ ಇಟ್ಕೊಳಿ. ಬ್ಯಾನ್ ಔಷಧಿ ಲಿಸ್ಟ್ ಪ್ರತಿ ವರ್ಷ ಜನವರಿ 1ಕ್ಕೆ ಹೊಸ್ದಾಗುತ್ತೆ, ಹೋದ್ ವರ್ಷ ನೋಡಿದ್ದು ಈ ವರ್ಷ ನಡೆಯಲ್ಲ. ನೋವಿಗೆ ಕೊಡೋ ಟ್ರಮಡಾಲ್ 2024ರಿಂದ ಸ್ಪರ್ಧೆ ಟೈಮಲ್ಲಿ ಬ್ಯಾನ್. ಸ್ಪರ್ಧೆ ಟೈಮ್ ಅಂದ್ರೆ ಹಿಂದಿನ ರಾತ್ರಿ 11:59ರಿಂದಾನೇ ಶುರು, ಆದ್ರೆ ಎರಡ್ ದಿನ ಮುಂಚೆ ನುಂಗಿದ್ದು ಅವತ್ತೂ ಮೈಯಲ್ಲೇ ಇರ್ಬಹುದು, ಲೆಕ್ಕ ಹಾಕಿ.

ಕುಸ್ತಿಯೋರಿಗೆ ಸ್ಪೆಷಲ್ ಆಗಿ ಎರಡು ಮಾತು. ತೂಕ ಇಳ್ಸೋಕೆ ಕೆಲವ್ರು ಯೂರಿನ್ ಜಾಸ್ತಿ ಮಾಡೋ ಲ್ಯಾಸಿಕ್ಸ್ ಮಾತ್ರೆ ನುಂಗ್ತಾರೆ, ಅದ್ರಲ್ಲಿರೋ ಫ್ಯೂರೋಸಮೈಡ್ ವರ್ಷಪೂರ್ತಿ ಬ್ಯಾನ್. ಇನ್ನೊಂದು, ಸುಸ್ತು ಅಂತ ಕ್ಲಿನಿಕ್‌ಗೆ ಹೋಗಿ ಗ್ಲೂಕೋಸ್ ಹಾಕಿಸ್ಕೊಳೋ ಚಟ ನಮ್ ಕಡೆ ಜಾಸ್ತಿ. 12 ಗಂಟೆಯೊಳಗೆ 100 ಎಂಎಲ್ ದಾಟಿದ್ರೆ ಆ ಡ್ರಿಪ್ಪೇ ತಪ್ಪು, ಒಳಗೆ ಬರೀ ಉಪ್ಪುನೀರಿದ್ರೂ ಸರಿ. ನಿಜವಾಗ್ಲೂ ಆಸ್ಪತ್ರೆ ಟ್ರೀಟ್‌ಮೆಂಟ್ ಆಗಿದ್ರೆ ವಿನಾಯ್ತಿ ಇದೆ, ಡಿಸ್ಚಾರ್ಜ್ ಪೇಪರ್ ಎಸಿಬೇಡಿ. ಪ್ರೋಟೀನ್ ಡಬ್ಬದ ಮೇಲಿರೋ ಎಫ್‌ಎಸ್‌ಎಸ್‌ಎಐ ನಂಬರ್ ನೋಡಿ ಸಮಾಧಾನ ಆಗ್ಬೇಡಿ, ಅದು ಡೋಪಿಂಗ್ ಟೆಸ್ಟ್ ಅಲ್ಲ. ನನ್ನ ಕೇಳಿದ್ರೆ ಮೊಟ್ಟೆ, ಶೇಂಗಾ, ಹಾಲು ಸಾಕು.

ಆಸ್ತಮಾ ಥರ ಕಾಯ್ಲೆಗೆ ಬ್ಯಾನ್ ಆಗಿರೋ ಔಷಧಿನೇ ಬೇಕು ಅಂದ್ರೆ ಟಿಯುಇಗೆ, ಅಂದ್ರೆ ಕಾಯ್ಲೆಗೋಸ್ಕರ ಆ ಔಷಧಿ ತಗೊಳೋ ಪರ್ಮಿಷನ್‌ಗೆ, ನಾಡಾಗೆ ಅರ್ಜಿ ಹಾಕ್ಬೇಕು, ಸ್ಪರ್ಧೆಗೆ 30 ದಿನ ಮುಂಚೆ, ರಿಪೋರ್ಟ್ ಎಲ್ಲಾ ಸೇರಿಸಿ. ಬರೀ ಡಾಕ್ಟ್ರ ಚೀಟಿ ನಡೆಯಲ್ಲ. ಎಮರ್ಜೆನ್ಸಿ ಆದ್ರೆ ಆಮೇಲೂ ಹಾಕ್ಬಹುದು.

ಟೆಸ್ಟ್‌ಗೆ ಕರೆದ್ರೆ ಓಡಿಹೋಗ್ಬೇಡಿ, ಕೊಡಲ್ಲ ಅಂದ್ರೆ ಅದೇ 4 ವರ್ಷದ ಕೇಸ್. ಕಿಟ್ ನೀವೇ ಆರ್ಸಿ, ಸೀಲ್ ನೋಡಿ, ಯೂರಿನ್ 90 ಎಂಎಲ್ ಬೇಕು, ಟೆಸ್ಟ್ ಮಾಡೋರ ಕಣ್ಣೆದುರಿಗೇ ಕೊಡ್ಬೇಕು, ನಾಚ್ಕೆ ಆಗುತ್ತೆ, ಏನ್ಮಾಡೋದು. 18 ಆಗಿಲ್ಲ ಅಂದ್ರೆ ಜೊತೆಗೆ ದೊಡ್ಡೋರನ್ನ ಕರ್ಕೊಂಡು ಹೋಗಿ. ಫಾರ್ಮ್‌ನಲ್ಲಿ ಹಿಂದಿನ 7 ದಿನದ ಮಾತ್ರೆ, ಪೌಡರ್, ಕಷಾಯ ಎಲ್ಲಾ ಬರೀರಿ, ಸಹಿ ಹಾಕೋ ಮುಂಚೆ ಓದಿ, ಕಾಪಿ ಇಸ್ಕೊಳಿ.

ಪಾಸಿಟಿವ್ ಅಂತ ನೋಟಿಸ್ ಬಂದ್ರೆ ಬಿ ಸ್ಯಾಂಪಲ್, ಅಂದ್ರೆ ಅವತ್ತೇ ಸೀಲ್ ಮಾಡಿಟ್ಟ ಎರಡ್ನೇ ಬಾಟ್ಲಿ, ಟೆಸ್ಟ್ ಮಾಡಿ ಅಂತ ಕೇಳೋ ಹಕ್ಕು ನಿಮ್ದು, ಹಿಯರಿಂಗ್ ಇದೆ, ಅಪೀಲ್ ಇದೆ. ಸ್ಟೀರಾಯ್ಡ್ ಕೇಸಲ್ಲಿ ಮಾಮೂಲಿ 4 ವರ್ಷ, ಚಾರ್ಜ್ ನೋಟಿಸ್ ಬಂದ 20 ದಿನದೊಳಗೆ ತಪ್ಪೂ ಶಿಕ್ಷೆನೂ ಎರಡೂ ಒಪ್ಕೊಂಡ್ರೆ 1 ವರ್ಷ ಕಮ್ಮಿ ಆಗುತ್ತೆ, ಅದಕ್ಕೇ ಲಕೋಟೆ ಒಡೀದೆ ಅಟ್ಟದ ಮೇಲೆ ಇಡ್ಬೇಡಿ, ವಕೀಲ್ರನ್ನ ಅವತ್ತೇ ನೋಡಿ. ಬ್ಯಾನ್ ಆದ್ರೆ ಕುಸ್ತಿ ಬಿಟ್ಟು ಕಬಡ್ಡಿಗೆ ಹಾರ್ತೀನಿ ಅನ್ನೋಂಗೂ ಇಲ್ಲ, ಕೋಡ್ ಒಪ್ಪಿರೋ ಎಲ್ಲಾ ಆಟಕ್ಕೂ ಅದೇ ಬ್ಯಾನ್. ತಂಡದ ಜೊತೆ ಪ್ರಾಕ್ಟೀಸ್‌ಗೆ ವಾಪಸ್ ಬಿಡೋದು ಕೊನೇ 2 ತಿಂಗಳಲ್ಲಿ ಅಥವಾ ಬ್ಯಾನಿನ ಕೊನೇ ಕಾಲುಭಾಗದಲ್ಲಿ, ಯಾವ್ದು ಕಮ್ಮಿನೋ ಅದು.