ಹಳೆ ಮಹಾಗನಿ ಡೆಸ್ಕ್: ಎದ್ದ ವಿನಿಯರ್ ಕೂರಿಸುವುದು ಹೇಗೆ?

ಎದ್ದ ವಿನಿಯರ್ (ಡೆಸ್ಕ್ ಮೇಲೆ ಅಂಟಿಸಿದ ತೆಳು ಮರದ ಹಾಳೆ) ಕೆಳಗೆ ಸೂಪರ್ ಗ್ಲೂ ಹಿಂಡಿ, ಇನ್ನೂರು ವರ್ಷದ ಡೆಸ್ಕ್ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಅದನ್ನು ಬಿಡಿಸಲು ಹೋದರೆ ಪಾಲಿಶ್ ಕೂಡ ಕಿತ್ತು ಬರುತ್ತದೆ.

18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹೆಪಲ್‌ವೈಟ್, ಶೆರಟನ್ ಎಂಬ ಪೀಠೋಪಕರಣ ವಿನ್ಯಾಸಕಾರರ ಶೈಲಿಯ, ಮುಚ್ಚಳ ಇಳಿಸಿ ಅದರ ಮೇಲೆ ಬರೆಯುವ ಸೆಕ್ರೆಟರಿ ಡೆಸ್ಕ್‌ಗಳು ಬಂದವು. ಇವುಗಳಲ್ಲಿ ಕೆತ್ತನೆ ಕಡಿಮೆ. ಅಂದವೆಲ್ಲ ಮಹಾಗನಿ ವಿನಿಯರ್‌ನಲ್ಲಿ, ಅದರ ಅಂಚಿಗೆ ಕೂರಿಸಿದ ದಾರದಷ್ಟು ಸಣ್ಣ ಬಿಳಿ ಮರದ ಗೆರೆಯಲ್ಲಿ.

ಮೊದಲು ಉಗುರಿನಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ ಅಲ್ಲಿ ಅಂಟು ಬಿಟ್ಟಿದೆ. ಬರೆಯಲು ಕೆಳಗಿಳಿಸುವ ಮುಚ್ಚಳವನ್ನು ತಪ್ಪದೆ ನೋಡಿ. ಹಲಗೆ ಸೊಟ್ಟಗಾಗದಿರಲೆಂದು ಅದರ ಎರಡೂ ತುದಿಗೆ ಅಡ್ಡಪಟ್ಟಿ ಜೋಡಿಸಿರುತ್ತಾರೆ. ಹಲಗೆ ಅಗಲದಲ್ಲಿ ಕುಗ್ಗುತ್ತದೆ, ಪಟ್ಟಿ ಉದ್ದದಲ್ಲಿ ಕುಗ್ಗುವುದಿಲ್ಲ. ಆ ಸಂದಿನ ಮೇಲೇ ವಿನಿಯರ್ ಸೀಳುತ್ತದೆ.

ಧೂಳು ಊದಿ ತೆಗೆಯಿರಿ.

ಇನ್ನು ಅಂಟು. ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟೇ ಬೇಕು, ಬೇರೆ ಯಾವುದೂ ಬೇಡ. ಆ ಕಾಲದವರು ಬಳಸಿದ್ದೂ ಅದೇ. ಬಿಸಿ, ತೇವ ತಾಗಿದರೆ ಮತ್ತೆ ಬಿಡುತ್ತದೆ, ಅಂದರೆ ಮುಂದೆ ರಿಪೇರಿ ಮಾಡುವವರಿಗೂ ದಾರಿ ಇರುತ್ತದೆ. ಒಣ ಅಂಟಿನ ಹರಳುಗಳನ್ನು ತಣ್ಣೀರಿನಲ್ಲಿ ರಾತ್ರಿ ನೆನೆಸಿ. ಬೆಳಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಕುದಿಸಿದರೆ ಅಂಟಿನ ಬಲ ಹೋಗುತ್ತದೆ. ಕುಂಚ ಎತ್ತಿದಾಗ ತುಂಡಾಗದೆ ಧಾರೆಯಾಗಿ ಇಳಿಯಬೇಕು. ತೆಳು ಚಾಕುವಿನ ತುದಿಯಲ್ಲಿ ಅಂಟನ್ನು ಒಳಗೆ ತಳ್ಳಿ. ವಿನಿಯರನ್ನು ಜಾಸ್ತಿ ಎತ್ತಬೇಡಿ, ಮುರಿಯುತ್ತದೆ. ಬೆರಳಿನಿಂದ ಒತ್ತಿ, ಒತ್ತಿ ಬಿಡಿ. ಅಂಟು ಒಳಗೆ ಎಳೆದುಕೊಳ್ಳುತ್ತದೆ. ಕೈ ಬೇಗ ಓಡಲಿ, ತಣ್ಣಗಾದರೆ ಅಂಟು ಜೆಲ್ಲಿಯಾಗುತ್ತದೆ. ಹೊರಗೆ ಬಂದದ್ದನ್ನು ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಮೇಣದ ಕಾಗದ ಹಾಸಿ, ಸ್ವಲ್ಪ ಬೆಚ್ಚಗಿನ ಮರದ ತುಂಡಿಟ್ಟು ಕ್ಲ್ಯಾಂಪ್ ಬಿಗಿಯಿರಿ. 24 ಗಂಟೆ ಮುಟ್ಟಬೇಡಿ.

ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಸಾಕು ಅನ್ನುವವರಿದ್ದಾರೆ. ಹಳೆ ಅಂಟು ಕೆಲವೊಮ್ಮೆ ಮತ್ತೆ ಹಿಡಿಯುವುದು ನಿಜ. ಆದರೆ ಮೇಲಿರುವುದು ಅರಗಿನ ಫ್ರೆಂಚ್ ಪಾಲಿಶ್ ಆದರೆ ಬೆಳ್ಳಗೆ ಕಲೆಯಾಗುತ್ತದೆ. ಆ ಅಡ್ಡದಾರಿ ಬೇಡ. ಸಿಲಿಕೋನ್ ಇರುವ ಸ್ಪ್ರೇ ಪಾಲಿಶ್ ಕೂಡ ಬೇಡ. ಅದು ಮರಕ್ಕಿಳಿದರೆ ಮುಂದೆ ಹಚ್ಚುವ ಪಾಲಿಶ್ ಸರಿಯಾಗಿ ಕೂರುವುದೇ ಇಲ್ಲ.

ಕ್ಲ್ಯಾಂಪ್ ಬಿಚ್ಚಿದ ಮೇಲೆ ಜೇನುಮೇಣ ತೆಳ್ಳಗೆ ಸವರಿ, ಉಜ್ಜಿ. ಮುಚ್ಚಳ ತೆರೆಯುವ ಮುಂಚೆ ಅದರ ಕೆಳಗಿನ ಎರಡೂ ಆಸರೆಪಟ್ಟಿಗಳನ್ನು ಪೂರ್ತಿ ಹೊರಗೆಳೆಯಿರಿ. ಇಲ್ಲದಿದ್ದರೆ ಭಾರವೆಲ್ಲ ಹಿಂಜಿನ ಮೇಲೆ ಬಿದ್ದು, ಸ್ಕ್ರೂ ಮರವನ್ನೇ ಸೀಳಿಕೊಂಡು ಬರುತ್ತದೆ.